ಮಲ್ಲೇಶಯ್ಯನವರ ಅಂಗೈ

ರೈತರು ಯಾರೇ "ಹೂಂ ಸಾರ್, ಮಾಡಿದೀವಿ" ಅಂದ ಕೂಡಲೇ ಮಲ್ಲೇಶಯ್ಯನವರ ದಪ್ಪ ಅಂಗೈ ಅವರ ಮೂಗಿನ ಕೆಳಗೆ ಚಾಚಿಕೊಳ್ಳುತ್ತಿತ್ತು. "ಎಲ್ಲಿ, ತೋರ್ಸು." ಲಂಚ ಕೇಳುತ್ತಿದ್ದಾರೆಂದು ಹೊಸಬರು ಗಾಬರಿಪಡುತ್ತಿದ್ದರು. ಮಲ್ಲೇಶಯ್ಯನವರಿಗೆ ಬೇಕಾಗಿದ್ದದ್ದು ಔಷಧಿಯ ಖಾಲಿ ಪೊಟ್ಟಣ, ಇಲ್ಲವೇ ಬೇರುಸಮೇತ ಕಿತ್ತ ಒಂದು ರಾಗಿ ಪೈರು.

ಅವರು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆ ಹಳ್ಳಿಗಳಿಗೆ ಕೃಷಿ ಸಹಾಯಕರು. ನಾನು ಗುಬ್ಬಿಯವಳು, ಕೃಷಿ ಶಿಕ್ಷಣದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೆ. ಅಂದರೆ, ರೈತರಿಗೆ ಹೊಸದನ್ನು ಕಲಿಸುವುದು ಹೇಗೆ ಎಂದು ನಾನೇ ಕಲಿಯುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಪೈರಿಗೆ ರೋಗ ಬಾರದಂತೆ ಇಲಾಖೆ ಕೊಡುವ ಔಷಧಿ ಪುಡಿಯನ್ನು ಬಿತ್ತನೆ ರಾಗಿಗೆ ಎಷ್ಟು ಜನ ಕಲಸುತ್ತಾರೆ ಎಂಬುದು ನನ್ನ ಪ್ರಬಂಧದ ವಿಷಯ.

ಮನೆಮನೆ ಅಲೆಯುವುದು ಯಾಕೆಂದು ನಾನು ಹಾಲಿನ ಡೇರಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಹಾಲು ಹಾಕಲು ಬಂದವರನ್ನೆಲ್ಲ ಕೇಳಿದೆ. ಎಲ್ಲರೂ "ಹೂಂ ಕಣಮ್ಮ, ಕಲ್ಸಿದೀವಿ" ಅಂದರು. ಒಂದೇ ವಾರಕ್ಕೆ ನೂರಿಪ್ಪತ್ತು ಫಾರಂ ತುಂಬಿತು. ಬುದ್ಧಿವಂತೆ ಎಂದು ಬೀಗುತ್ತಾ ಮಲ್ಲೇಶಯ್ಯನವರಿಗೆ ತೋರಿಸಿದೆ.

ಅವರು ಹಾಳೆಗಳನ್ನು ಮಗುಚಿ ಹಾಕಿದರು. "ಪರ್ವಾಗಿಲ್ವೇ! ನನ್ ಏರಿಯಾದಲ್ಲಿ ಇಷ್ಟೊಂದು ಜನ ಜಾಣ್ರು ಅವ್ರೆ ಅಂತ ನಂಗೇ ಗೊತ್ತಿರ್ಲಿಲ್ಲ. ಗಾಡಿ ಹತ್ತು, ನೋಡ್ಕೊಂಡ್ ಬರಾಣ."

ಅವರ ಲೂನಾ ಏರು ಬಂದರೆ ನಿಲ್ಲುತ್ತಿತ್ತು. ಇಳಿದು ತಳ್ಳುತ್ತಾ ನಂಜಮ್ಮ ಎಂಬುವವರ ಮನೆಗೆ ಹೋದೆವು. ಡೇರಿಯಲ್ಲಿ ಹೂಂ ಅಂದವರಲ್ಲಿ ಇವರೇ ಮೊದಲಿಗರು. ಅಂಗೈ ಮುಂದೆ ಬಂತು. ನಂಜಮ್ಮ ನಗುತ್ತಾ ದೇವರ ಪಟದ ಹಿಂದಿನಿಂದ ಪೊಟ್ಟಣ ತೆಗೆದುಕೊಟ್ಟರು. ಅದಕ್ಕೆ ಕುಂಕುಮ ಇಟ್ಟಿತ್ತು. ಬಾಯಿ ಒಡೆದಿರಲಿಲ್ಲ.

"ಬಿತ್ನೆ ಕಾಳು ಅಂದ್ರೆ ಲಕ್ಷ್ಮಿ ಕಣಪ್ಪ. ಪೂಜೆ ಮಾಡಿದ್ ಕಾಳಿಗೆ ವಿಸ ಕಲ್ಸಕ್ಕಾಯ್ತದಾ? ನೀವು ಕೊಟ್ಟಿದ್ನ ಬಿಸಾಕೂ ಬಾರ್ದು."

"ಮತ್ತೆ ಈ ಹುಡ್ಗಿ ಮುಂದೆ ಹೂಂ ಅಂದ್ಯಲ್ಲ?"

"ಪಾಪ, ಬಿಸಿಲಲ್ಲಿ ಬರ್ಕೊಂಡ್ ಕೂತಿತ್ತು. ಇಲ್ಲ ಅನ್ನಕ್ ಮನ್ಸ್ ಬರ್ಲಿಲ್ಲ ಬುಡು."

ಆ ವಾರ ಮೂವತ್ತು ಮನೆ ತಿರುಗಿದೆವು. ಮೂರು ಕಡೆ ಬಿಟ್ಟರೆ ಎಲ್ಲೆಲ್ಲೂ ಪಟದ ಹಿಂದೆಯೇ ಪೊಟ್ಟಣ. ಮಲ್ಲೇಶಯ್ಯ ಯಾರನ್ನೂ ಬೈಯಲಿಲ್ಲ. "ಹೂಂ ಅನ್ನೋದು ಉತ್ತರ ಅಲ್ಲ ಕಣಮ್ಮ, ಅದು ಮರ್ಯಾದೆ. ನಿನ್ ಪುಸ್ತಕದಲ್ಲಿ ಇದನ್ನೇ ಬರಿ. ನಮ್ಮಿಲಾಖೆಯೋರೂ ಓದ್ಲಿ, ಬುದ್ಧಿ ಬರ್ತದೆ," ಅಂದರು.

ಹಾಗೆ ಬರೆಯಬೇಕೆಂದರೆ ನೂರಿಪ್ಪತ್ತೂ ಮನೆಗೆ ಮತ್ತೆ ಹೋಗಬೇಕಿತ್ತು, ಕಲಸುವುದನ್ನು ಕಣ್ಣಾರೆ ನೋಡಲು ಇನ್ನೊಂದು ಬಿತ್ತನೆಯವರೆಗೆ ಕಾಯಬೇಕಿತ್ತು. ಪದವಿ ಒಂದು ವರ್ಷ ಮುಂದೆ ಹೋಗುತ್ತಿತ್ತು. ತುಮಕೂರಿನ ಕಾಲೇಜೊಂದರಲ್ಲಿ ಪದವಿ ಬಂದ ಕೂಡಲೇ ಸೇರುವಂತೆ ನನಗೊಂದು ಕೆಲಸ ಕಾದಿತ್ತು. ನನ್ನ ಮಾರ್ಗದರ್ಶಕರು, "ಇರುವ ಫಾರಂ ಸಾಕು, ಮುಗಿಸಿ," ಎಂದರು. ಮುಗಿಸಿದೆ. ಡೇರಿಯ ನೂರಿಪ್ಪತ್ತು ಹೂಂಗಳನ್ನೇ ಕೋಷ್ಟಕ ಮಾಡಿ, ಕೃತಜ್ಞತೆಯ ಪುಟದಲ್ಲಿ ಮಲ್ಲೇಶಯ್ಯನವರ ಹೆಸರು ಹಾಕಿದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹಲ್ಲು ಕೀಳಿಸಿಕೊಂಡ ದಿನದ ದವಡೆಯ ಹಾಗೆ ಮನಸ್ಸು ಮರಗಟ್ಟಿತ್ತು. ಆ ಜೋಮು ಇಳಿಯಲೂ ಇಲ್ಲ.

ಈಗಲೂ ಕಾಲೇಜಿನಲ್ಲಿ ಪ್ರತಿ ವರ್ಷ ಮೊದಲ ದಿನದ ಪಾಠದಲ್ಲಿ ಹೇಳುತ್ತೇನೆ: ಹೂಂ ಅನ್ನುವುದು ಉತ್ತರವಲ್ಲ. ಹುಡುಗರು ಬರೆದುಕೊಳ್ಳುತ್ತಾರೆ.

ಮಲ್ಲೇಶಯ್ಯನವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬಹಳ ತಡವಾಗಿ. ಕೊನೆಯ ಸಲ ನೋಡಿದ್ದು ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ, ಅವರು ನಿವೃತ್ತರಾದ ಹೊಸದರಲ್ಲಿ. ಅವತ್ತು ಲೈಬ್ರರಿಗೆ ಕೊಡಲೆಂದು ಪ್ರಬಂಧದ ಒಂದು ಪ್ರತಿ ನನ್ನ ಬ್ಯಾಗಿನಲ್ಲೇ ಇತ್ತು.

"ಏನಮ್ಮ, ಲೆಕ್ಚರರ್ ಆಗಿದೀಯಂತೆ! ಆ ಪೊಟ್ಣದ್ ವಿಷ್ಯ ಬರ್ದೆ ತಾನೆ?"

"ಹೂಂ ಸಾರ್," ಅಂದೆ.

ಅಂಗೈ ಬರುತ್ತದೆಂದು ಬ್ಯಾಗನ್ನು ಹಿಡಿದುಕೊಂಡು ನಿಂತೆ. ಬಂತು. ಮೂಗಿನ ಕೆಳಗೆ ನಿಲ್ಲದೆ ಮೇಲೆ ಹೋಗಿ ನನ್ನ ತಲೆಯ ಮೇಲೆ ಕೂತಿತು.

"ಒಳ್ಳೇದಾಗ್ಲಿ ಕಣಮ್ಮ," ಅಂದು ಅವರು ಕುಣಿಗಲ್ ಬಸ್ಸು ಹತ್ತಿದರು.