ಕೆಂಪು ಗೆರೆಯ ಬೋಲ್ಟು

ನಮ್ಮಕ್ಕನ ಉಗುರಿಗೆ ಯಾವತ್ತೂ ಬಣ್ಣ ಹತ್ತಿದ್ದಿಲ್ಲ. ಆದರೂ ಅವಳ ಹತ್ತಿರ ಒಂದು ಕೆಂಪು ನೇಲ್ ಪಾಲಿಶ್ ಬಾಟಲಿ ಸದಾ ಇರುತ್ತಿತ್ತು. ಪಂಪು ರಿಪೇರಿ ಮಾಡುತ್ತಿದ್ದ ನಮ್ಮಪ್ಪ ಕಲಿಸಿದ ಪಾಠ ಅದು. ಬೋಲ್ಟು ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಶುರು ಮಾಡಿ, ವಾಶರ್ ಮೇಲೆ ಹಾದು, ಕೆಳಗಿನ ಕಬ್ಬಿಣದವರೆಗೆ ಒಂದೇ ಗೆರೆ ಎಳೆಯಬೇಕು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಹೇಳಿಬಿಡುತ್ತದೆ. ಅಪ್ಪ ಪೇಂಟು ಹಚ್ಚುತ್ತಿದ್ದರು, ಇವಳು ನೇಲ್ ಪಾಲಿಶ್. ಮಷಿನ್ನಿಗೆ ಸಿಂಗಾರ ಮಾಡ್ತಾಳೆ ಅಂತ ಬೀದಿಯವರು ನಗೋರು, ಸ್ಪ್ಯಾನರಕ್ಕ ಅಂತ ಹೆಸರೂ ಇಟ್ಟಿದ್ದರು. ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಮದುವೆಯಾದ ಮೇಲೆ ಭಾವ ಹುಲ್ಲು ಕತ್ತರಿಸುವ ಮಷಿನ್ ತಳ್ಳೋದು, ಅಕ್ಕ ಅದನ್ನು ನೋಡಿಕೊಳ್ಳೋದು. ಶಾಲೆ ಮೈದಾನ, ಆಸ್ಪತ್ರೆ ಅಂಗಳ, ಎಲ್ಲಾ ಇವರದೇ. ಹೀಗಿರುವಾಗ ಒಂದು ಬೆಳಿಗ್ಗೆ ಶಾಲೆ ಮೈದಾನದಲ್ಲಿ ಮಷಿನ್ನಿನ ಅಡಿಯಿಂದ ಬ್ಲೇಡು ಕಳಚಿ ಹಾರಿತು. ಭಾವನ ಬಲಗಾಲಿನ ಎರಡು ಬೆರಳು ಹೋದವು.

ಆಸ್ಪತ್ರೆಯ ವರಾಂಡದಲ್ಲೇ ಅಕ್ಕನ ಅತ್ತೆ ಶುರು ಹಚ್ಚಿಕೊಂಡರು. "ಬೋಲ್ಟು ಬಿಗಿ ಮಾಡೋದೊಂದು ಕೆಲಸ, ಅದನ್ನೂ ನೆಟ್ಟಗೆ ಮಾಡಲಿಲ್ಲ ಇವಳು. ನನ್ನ ಮಗನ ಕಾಲು ತಿಂದುಬಿಟ್ಲು!" ಅವತ್ತು ಶುರುವಾದದ್ದು ನಿಲ್ಲಲೇ ಇಲ್ಲ. ನಡುಮನೆಯ ಕಿಟಕಿ ಪಕ್ಕ ಒಂದು ಮಡಚುವ ಮರದ ಆರಾಮಕುರ್ಚಿ, ಅದರಲ್ಲಿ ಆಯಮ್ಮ. ಯಾರು ಬಂದರೂ ಮೊದಲು ಇದೇ ಕಥೆ, ಆಮೇಲೆ ಟೀ. ಆ ಟೀ ತಂದುಕೊಡಬೇಕಾದವಳು ನಮ್ಮಕ್ಕ. ನನಗಂತೂ ಆ ಮನೆ ಹೊಸಿಲು ತುಳಿದರೆ ಸಾಕು, ಮೈಯೆಲ್ಲ ಉರಿಯೋದು. ಭಾವ? ತುಟಿಪಿಟಕ್ ಅನ್ನಲಿಲ್ಲ ಪುಣ್ಯಾತ್ಮ. ಕಾಲು ನೀವಿಸಿಕೊಳ್ಳುತ್ತಾ, ಬಿಸಿನೀರು ಕೇಳುತ್ತಾ, ತಲೆ ತಗ್ಗಿಸಿ ಕೂತಿರೋರು. ಪಾಪ, ಹೆಂಡತಿಯನ್ನ ಬೈಯೋದಿಲ್ಲ, ಎಂಥ ದೊಡ್ಡ ಮನಸ್ಸು ಅಂತ ಜನ ಹೊಗಳಿದ್ದೂ ಹೊಗಳಿದ್ದೇ.

ಮಷಿನ್ ಹಿತ್ತಲಿನ ಶೆಡ್ಡಿಗೆ ಹೋಯಿತು. ಅಕ್ಕನ ಕೈಗೆ ಮತ್ತೆ ಸ್ಪ್ಯಾನರ್ ಸಿಗಲಿಲ್ಲ. ನನಗೆ ಕರುಳು ಕಿತ್ತು ಬಂದದ್ದು ಯಾವಾಗ ಅಂದರೆ, ಅವಳು ತನ್ನ ಕೈಯನ್ನೇ ನಂಬೋದು ಬಿಟ್ಟಾಗ. ಗ್ಯಾಸ್ ಆರಿಸಿ ಮತ್ತೆ ಹೋಗಿ ನೋಡೋಳು. ಬೀಗ ಹಾಕಿ, ಬೀದಿ ತುದಿಯಿಂದ ವಾಪಸ್ ಬಂದು ಎಳೆದು ನೋಡೋಳು. "ನಾನೇ ಬಿಗಿ ಮಾಡಿರಲಿಲ್ವೇನೋ ಕಣೇ" ಅಂತ ಒಂದು ದಿನ ನನ್ನ ಹತ್ತಿರ ಅಂದಳು. ಗೆರೆ ಎಳೆದಿದ್ದೆಯಲ್ಲ ಅಂದೆ. "ಅದೂ ನೆನಪಿಲ್ಲ ಈಗ" ಅಂದಳು.

ಈ ವರ್ಷ ಶಾಲೆಯ ಹೆಡ್‌ಮಿಸ್ ಮನೆಗೆ ಬಂದರು. ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿದೆ, ಹಳೇ ಮಷಿನ್ ಏನಾದರೂ ಓಡುತ್ತಾ ಅಂತ ಕೇಳಿದರು. ಕುರ್ಚಿಯಿಂದ ಉತ್ತರ ಬಂತು: "ಇವಳ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ ಹೇಳಿ!" ಅಕ್ಕ ಟೀ ಲೋಟ ಕೆಳಗಿಟ್ಟಳು. "ಬರೋ ಭಾನುವಾರ ಬನ್ನಿ ಮಿಸ್, ಹೇಳ್ತೀನಿ" ಅಂದಳು. ಅವಳ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಕೇಳಿ ಎಷ್ಟು ಕಾಲವಾಗಿತ್ತೋ!

ಮರುದಿನವೇ ನನ್ನನ್ನು ಕರೆಸಿದಳು. ಇಬ್ಬರೂ ಸೇರಿ ಮಷಿನ್ ಹೊರಗೆಳೆದೆವು. ಪ್ಲಗ್ಗಿನ ವೈರ್ ಕಿತ್ತಿಟ್ಟು ಪಕ್ಕಕ್ಕೆ ಮಲಗಿಸಿದಳು. ಅಡಿಯ ತಗಡಿನ ತುಂಬಾ ಒಣಗಿದ ಹುಲ್ಲು, ತುಕ್ಕು. ನಡುವಿನ ಕಂಬಿಯ ತುದಿಯಲ್ಲಿ ಬ್ಲೇಡು ಕೂರುವ ಕಬ್ಬಿಣದ ಬಿಲ್ಲೆ ಬಿರುಕು ಬಿಟ್ಟಿತ್ತು, ಬೋಲ್ಟು ಹೋಗುವ ತೂತಿನ ಬಾಯಲ್ಲಿ ಮಾತ್ರ ತಿರುಪಿನ ಸುತ್ತು ಸವೆದಿತ್ತು, ಒಳಗಡೆ ಹೊಸದರ ಹಾಗೇ ಇತ್ತು. ಅಕ್ಕ ಬೆರಳು ಹಾಕಿ ಹಾಕಿ ನೋಡಿದಳು. ಹಿಡಿಕೆಗೆ ಒಂದು ಚೀಲ ಕಟ್ಟಿತ್ತು. ಅಪಘಾತದ ದಿನ ಶಾಲೆಯ ವಾಚ್‌ಮನ್ ಬಿದ್ದದ್ದನ್ನೆಲ್ಲ ಆರಿಸಿ ಕಟ್ಟಿದ್ದು. ಯಾರೂ ಬಿಚ್ಚಿರಲಿಲ್ಲ, ಅಕ್ಕನಿಗೆ ಧೈರ್ಯ ಬಂದಿರಲಿಲ್ಲ.

ಒಳಗೆ ಬ್ಲೇಡಿತ್ತು. ಬ್ಲೇಡಿನ ತೂತಿನ ಪಕ್ಕದಲ್ಲಿ ಕೆಂಪು ಗೆರೆಯ ಬಾಲ ಇತ್ತು! ಬೋಲ್ಟೂ ಇತ್ತು, ಆದರೆ ಅದರ ತಲೆ ಮೇಲೆ ಕೆಂಪು ಅನ್ನೋದೇ ಇಲ್ಲ. ಕಂದು ವಾರ್ನಿಶ್ ಮೆತ್ತಿಕೊಂಡಿತ್ತು. ವಾಶರ್ ಇಲ್ಲವೇ ಇಲ್ಲ.

"ಇದು ನನ್ನ ಬೋಲ್ಟಲ್ಲ" ಅಂದಳು ಅಕ್ಕ.

ಹಾರ್ಡ್‌ವೇರ್ ಅಂಗಡಿಯವನು ಅದನ್ನು ತಿರುಗಿಸಿ ನೋಡಿ ನಕ್ಕ. "ಮಷಿನ್‌ದಲ್ಲಮ್ಮ ಇದು. ಮಂಚಕ್ಕೋ ಕುರ್ಚಿಗೋ ಹಾಕೋದು. ದಪ್ಪ ಒಂದೇ, ಉದ್ದ ಅರ್ಧ. ಎರಡು ಸುತ್ತು ಕಚ್ಚಿಕೊಂಡಿದ್ರೆ ಹೆಚ್ಚು. ಯಾವ ಮಹಾನುಭಾವ ಹಾಕಿದ್ದು? ಸರಿಯಾದ್ದು ಕೊಡ್ಲಾ?"

"ಹೊಸ ಬಿಲ್ಲೆ ಕೊಡಣ್ಣ, ಸಾಕು. ಬೋಲ್ಟು ಬೇಡ. ನಂದು ಮನೇಲಿದೆ."

ಮನೆಯಲ್ಲಿ ಅತ್ತೆ ಒಳಗೆ ಮಲಗಿದ್ದರು. ಅಕ್ಕ ನೇರ ಕುರ್ಚಿ ಹತ್ತಿರ ಹೋಗಿ ಕೂತಳು. ಎಡಗಡೆ ಕೀಲಿನಲ್ಲಿ ವಾರ್ನಿಶ್ ಮೆತ್ತಿದ ಗಿಡ್ಡ ಬೋಲ್ಟು, ಚೀಲದಲ್ಲಿದ್ದದ್ದರ ಅವಳಿಜವಳಿ. ಬಲಗಡೆ ಮರ ಸೀಳಿತ್ತು, ಅದಕ್ಕೊಂದು ಪಟ್ಟಿ ಕೊಟ್ಟು, ಉದ್ದದ ಬೋಲ್ಟು ತೂರಿಸಿದ್ದರು. ಹೊರಗೆ ಚಾಚಿದ ಅದರ ತುದಿಗೇ ಆಯಮ್ಮ ತನ್ನ ಕನ್ನಡಕದ ಚೀಲ ನೇತುಹಾಕುತ್ತಿದ್ದದ್ದು. ಅಕ್ಕ ಕುರ್ಚಿಯ ಬಟ್ಟೆ ಸರಿಸಿದಳು. ಒಳಗಡೆ ಬೋಲ್ಟಿನ ತಲೆ, ಅದರಡಿಯಲ್ಲಿ ವಾಶರ್, ಎರಡರ ಮೇಲೂ ಕೆಂಪು ಗೆರೆ.

ನಾನಾಗಿದ್ದರೆ ಅಲ್ಲೇ ಕುರ್ಚಿ ಮುರಿದು ಒಲೆಗೆ ಹಾಕುತ್ತಿದ್ದೆ. ಮನೆ ಹತ್ತು ಹೋಳಾಗುವ ಹಾಗೆ ಕಿರುಚುತ್ತಿದ್ದೆ. ಅಕ್ಕ ಬಟ್ಟೆ ಮೊದಲಿನ ಹಾಗೇ ಸರಿಮಾಡಿ ಎದ್ದಳು. "ಭಾನುವಾರದವರೆಗೆ ಕೂತಿರಲಿ" ಅಂದಳು. ಅವಳ ಕಣ್ಣು ನೋಡಿ ನನಗೇ ಹೆದರಿಕೆಯಾಯಿತು.

ಭಾನುವಾರ ಹೆಡ್‌ಮಿಸ್ ಬಂದರು. ಆಯಮ್ಮ ಕುರ್ಚಿಯಲ್ಲಿ, ಭಾವ ಪಕ್ಕದ ಸ್ಟೂಲಿನಲ್ಲಿ. ಕಥೆ ಮತ್ತೆ ಶುರುವಾಯಿತು. "ನೆಟ್ಟಗೆ ಬಿಗಿ ಮಾಡಿದ್ರೆ..." ಅನ್ನುವಷ್ಟರಲ್ಲಿ ಅಕ್ಕ ಸ್ಪ್ಯಾನರ್, ಆ ಚೀಲ ಎರಡನ್ನೂ ಹಿಡಿದು ಬಂದು ನಿಂತಳು.

"ಸ್ವಲ್ಪ ಏಳಿ ಅತ್ತೆ. ಮಷಿನ್ ರೆಡಿ ಇದೆ. ನನ್ನ ಬೋಲ್ಟೊಂದು ಬೇಕು."

ಅತ್ತೆ ಗೊಣಗುತ್ತಾ ಎದ್ದರು, ಭಾವ ಸ್ಟೂಲು ಹಿಂದಕ್ಕೆ ಸರಿಸಿಕೊಂಡರು. ಅಕ್ಕ ನಿಧಾನವಾಗಿ ಬೋಲ್ಟು, ವಾಶರ್ ಬಿಚ್ಚಿ, ಚೀಲದಲ್ಲಿದ್ದ ಬ್ಲೇಡಿನ ಪಕ್ಕ ಹಿಡಿದು ಹೆಡ್‌ಮಿಸ್‌ಗೆ ತೋರಿಸಿದಳು. ಬೋಲ್ಟು, ವಾಶರ್, ಬ್ಲೇಡು, ಮೂರರ ಮೇಲೂ ಒಂದೇ ಗೆರೆ ಕೂಡಿಕೊಂಡಿತು. ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಹೇಳ್ತೀರೋ, ನಾನೇ ಹೇಳ್ಲೋ?"

"ಅಮ್ಮನ ಕುರ್ಚಿ ಸೀಳಿತ್ತು" ಅಂದರು ಭಾವ. "ಒಂದು ದಿನದ ಮಟ್ಟಿಗೆ ಅಂತ ಎರಡು ಬೋಲ್ಟೂ ಅದಲುಬದಲು ಮಾಡಿದೆ. ಆಮೇಲೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಅಮ್ಮ ಎಲ್ಲರಿಗೂ ನೀನೇ ಅಂತ..."

"ಅದಕ್ಕೇ ನನ್ನ ತಲೆ ಮೇಲೆ ಗೂಬೆ ಕೂರಿಸಿ ಕಾಲು ಒತ್ತಿಸಿಕೊಂಡ್ರಿ."

ಭಾವ ಅಳತೊಡಗಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ! ಅಕ್ಕ ಮಾತ್ರ ಮುಗಿಸಿರಲಿಲ್ಲ. ಚೀಲದಿಂದ ಆ ಗಿಡ್ಡ ಬೋಲ್ಟು ತೆಗೆದು ಅವರ ಅಂಗೈಯಲ್ಲಿಟ್ಟಳು. "ಇದು ನಿಮ್ಮದು. ಎಲ್ಲಿಂದ ತೆಗೆದ್ರೋ ಅಲ್ಲಿಗೇ ಹಾಕಿ." ಭಾವ ಮೊಣಕಾಲೂರಿ, ಮೂಗು ಒರೆಸಿಕೊಳ್ಳುತ್ತಾ ಹಾಕಿದರು. ಪಟ್ಟಿ ದಾಟಿ ಆಚೆ ಬದಿಗೆ ಬೋಲ್ಟು ಒಂದಿಷ್ಟೇ ಇಣುಕಿತು, ನಟ್ಟು ಹೇಗೋ ಕಚ್ಚಿಕೊಂಡಿತು. ಅಕ್ಕ ಬಟ್ಟೆ ಕೊಡವಿ ಹಾಸಿ, ಕುರ್ಚಿಯನ್ನು ಕಿಟಕಿ ಪಕ್ಕ ನಿಲ್ಲಿಸಿದಳು.

"ಕೂತ್ಕೊಳ್ಳಿ ಅತ್ತೆ. ನಿಮ್ಮ ಮಗನೇ ಕೈಯಾರೆ ಬಿಗಿ ಮಾಡಿದ್ದಾರೆ."

ಆಯಮ್ಮ ಕುರ್ಚಿ ನೋಡಿದರು. ಮಗನ ಕಾಲು ನೋಡಿದರು. ಕೂರಲಿಲ್ಲ.

ಈಗ ಶಾಲೆ ಮೈದಾನದಲ್ಲಿ ಮಷಿನ್ ತಳ್ಳೋಳು ಅಕ್ಕನೇ. ಬೋಲ್ಟಿನ ಮೇಲೆ ಹೊಸ ಗೆರೆ ಇದೆ. ಗ್ಯಾಸ್ ಒಂದೇ ಸಲ ಆರಿಸುತ್ತಾಳೆ. ಸಂಜೆ ಮನೆಗೆ ಬಂದು, ಕೈ ತೊಳೆದು, ಕುರ್ಚಿಯ ಧೂಳು ಒರೆಸುತ್ತಾಳೆ. ಗೋಡೆಗೆ ಒರಗಿ ನೆಲದ ಮೇಲೆ ಕೂತಿರುವ ಆಯಮ್ಮನನ್ನು ದಿನಾ ಒಂದು ಸಲ ಕರೆಯುತ್ತಾಳೆ.

"ಬನ್ನಿ ಅತ್ತೆ, ಕೂತ್ಕೊಳ್ಳಿ."