ಗೋಡೆ ಮೇಲಿದ್ದ ಮೋಟಾರು

ಮಳವಳ್ಳಿ ಕಡೆಯ ಒಂದು ಐಟಿಐಗೆ ಪ್ರೊಜೆಕ್ಟರ್ ಕೂರಿಸಲು ಹೋಗಿದ್ದೆ. ಎಲೆಕ್ಟ್ರಿಕಲ್ ಕ್ಲಾಸಿನ ಗೋಡೆ ತುಂಬ ಮಾಸಿದ ಕೆಂಪು, ಹಳದಿ, ನೀಲಿ ಗೆರೆಗಳಿದ್ದವು. ಪ್ರೊಜೆಕ್ಟರಿನ ಚಿತ್ರ ಚೆನ್ನಾಗಿ ಕಾಣಲೆಂದು ಯಾರನ್ನೂ ಕೇಳದೆ ಮದ್ದೂರಿನಿಂದ ಪೇಂಟರನ್ನು ಕರೆಸಿ ಬಿಳಿ ಬಣ್ಣ ಹೊಡೆಸಿದೆ.

ರಜೆ ಮುಗಿಸಿ ಬಂದ ಆ ಕ್ಲಾಸಿನ ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು.

"ಅದು ಪಂಪ್‌ಸೆಟ್ ಮೋಟಾರಿನ ವೈಂಡಿಂಗ್ ಚಿತ್ರ ಸಾರ್. ಮೂರು ಫೇಸಿಗೆ ಮೂರು ಬಣ್ಣ. ನಾನೇ ಬರ್ದಿದ್ದೆ. ಇಲ್ಲಿ ಕಲ್ತು ಅಂಗ್ಡಿ ಇಟ್ಕಂಡೋರೂ ತಂತಿ ಸುತ್ತುವಾಗ ಅನುಮಾನ ಬಂದ್ರೆ ಬಂದು ನೋಡ್ಕಂಡು ಓಯ್ತಿದ್ರು."

ಇಂಟರ್‌ನೆಟ್ಟಿನಲ್ಲಿ ಇಂಥವು ಬೇಕಾದಷ್ಟಿವೆ ಎಂದು ಒಂದು ಚಿತ್ರವನ್ನು ಪ್ರೊಜೆಕ್ಟರಿನಿಂದ ಗೋಡೆಯಗಲ ತೋರಿಸಿದೆ. ತಂತಿ ಎಲ್ಲಿ ಹೊಕ್ಕು ಎಲ್ಲಿ ಹೊರಡುತ್ತದೆಂದು ಬೆರಳಿಟ್ಟು ಹೇಳಿಕೊಡುವುದು ಅವರ ಅಭ್ಯಾಸವಂತೆ. ಹತ್ತಿರ ಹೋಗಿ ಬೆರಳಿಟ್ಟರು. ಅವರದೇ ನೆರಳು ಬಿದ್ದು ಗೆರೆಗಳೆಲ್ಲ ಮುಚ್ಚಿಹೋದವು.

ಕೈ ಹಿಂದಕ್ಕೆ ತೆಗೆದುಕೊಂಡರು. "ಬುಡಿ ಸಾರ್. ಹಳೇದ್ರ ಫೋಟೊ ಏನಾರ ಮಡಗಿದ್ದೀರಾ?"

ಇತ್ತು. ಕೆಲಸಕ್ಕೆ ಮೊದಲೊಂದು, ಮುಗಿದ ಮೇಲೊಂದು ಫೋಟೊ ತೆಗೆಯಲೇಬೇಕೆಂಬುದು ನಮ್ಮ ಕಂಪನಿಯ ನಿಯಮ. ಆದರೆ ಮೊದಲಿನದನ್ನು ನಾನು ತೆಗೆದದ್ದು ಗೋಡೆ ಎಷ್ಟು ಕೆಟ್ಟಿದೆ ಎಂದು ತೋರಿಸಲಿಕ್ಕೆ. ಅದರಲ್ಲಿ ಗೆರೆಗಳ ಒಂದು ಅಂಚಷ್ಟೇ ಇದೆ; ಮೂಲೆಯ ಬಿರುಕು ಮಾತ್ರ ಬಹಳ ಸ್ಪಷ್ಟವಾಗಿ ಬಂದಿದೆ.