ನೆರಳಕ್ಕನ ತೋಟದಲ್ಲಿ ಮರ ಬಿದ್ದ ದಿಕ್ಕು

ಅವಳನ್ನು ಊರವರೆಲ್ಲ ನೆರಳಕ್ಕ ಎನ್ನುತ್ತಾರೆ. ಸೊಸೆಯಾಗಿ ಬಂದ ಹೊಸದರಲ್ಲಿ ಮಾವನ ಬಟಾಬಯಲು ಹೊಲದಲ್ಲಿ ನಿಂತು, "ಇಲ್ಲಿ ನೆರಳೇ ಇಲ್ವಲ್ಲ" ಎಂದಳಂತೆ. ಆಮೇಲೆ ತರಕಾರಿ ಮಡಿಗಳ ನಡುವೆ ಸಾಲುಸಾಲಾಗಿ ಮರ ನೆಟ್ಟಳು. ಬದನೆ ಬೆಳೆಯುವ ಜಾಗದಲ್ಲಿ ಕಾಡು ಬೆಳೆಸುತ್ತಾಳೆಂದು ನಾವು ನಕ್ಕೆವು. ಬೇಸಿಗೆಯಲ್ಲಿ ನಮ್ಮ ಬದನೆ ಸುಟ್ಟುಹೋಗಿ ಅವಳದು ಹಸಿರಾಗಿಯೇ ಇದ್ದಾಗ, ನಗು ನಿಲ್ಲಿಸಿ ಬುಟ್ಟಿ ಹಿಡಿದು ಹೋದೆವು. ಬುಟ್ಟಿ ತಂದವರ ಕೈಗೆ ಅವಳು ಗುದ್ದಲಿ ಕೊಟ್ಟಳು. ಹೀಗೆ ಸಂಘ ಹುಟ್ಟಿತು. ರಜಾದಿನ ತೋಟದಲ್ಲಿ ದುಡಿದು ತರಕಾರಿ ಒಯ್ಯುವುದು, ಅದೇ ತೋಟದಲ್ಲಿ ಹಸಿರು ಬಲೆಯ ಚಪ್ಪರದಡಿ ನಮ್ಮ ನಮ್ಮ ಮನೆಯ ಸಸಿ ಬೆಳೆಸಿಕೊಳ್ಳುವುದು.

ಸಂಘವೆಂದ ಮೇಲೆ ಅಧ್ಯಕ್ಷರು ಬೇಕಲ್ಲ. ಬೇರೆ ಯಾರಿಗೂ ಬೇಡವಾಗಿದ್ದರಿಂದ ನಮ್ಮೂರ ಟೈಲರ್ ಅವಿರೋಧವಾಗಿ ಆಯ್ಕೆಯಾದರು. ಅಂದಿನಿಂದ ಅವರ ಕುತ್ತಿಗೆಯಲ್ಲಿ ಅಳತೆಪಟ್ಟಿಯ ಜೊತೆಗೆ ಒಂದು ಸೀಟಿಯೂ ನೇತಾಡತೊಡಗಿತು.

ಆ ದಿನ ಬೆಳಿಗ್ಗೆ ಹೋದಾಗ ಎತ್ತರದ ಸಿಲ್ವರ್ ಓಕ್ ಮರ ಚಪ್ಪರದ ಕಡೆಗೆ ವಾಲಿತ್ತು. ಗೆದ್ದಲು ಬುಡ ತಿಂದಿತ್ತು. ರಾತ್ರಿಯ ಗಾಳಿಗೆ ಬೇರಿನ ಮಣ್ಣು ಬಿರುಕು ಬಿಟ್ಟಿತ್ತು. ಸಂಜೆಗೆ ಇನ್ನೂ ಜೋರು ಗಾಳಿ ಎಂದು ರೇಡಿಯೊ ಹೇಳಿತ್ತು. ಸಸಿಗಳನ್ನು ಎತ್ತಿಡೋಣವೆಂದರೆ, ಚೀಲದ ತಳ ಹರಿದು ಬೇರು ನೆಲಕ್ಕಿಳಿದಿತ್ತು. ಎತ್ತಿದರೆ ಬೇರು ಹರಿಯುತ್ತಿತ್ತು. ಚೀಲಗಳನ್ನು ಸಕಾಲದಲ್ಲಿ ಜರುಗಿಸಬೇಕೆಂದು ನಮ್ಮ ಸಭೆ ಹಿಂದೆಯೇ ತೀರ್ಮಾನಿಸಿತ್ತು; ಯಾರು ಜರುಗಿಸಬೇಕೆಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಉಳಿದದ್ದು ಒಂದೇ ದಾರಿ: ಮರ ತಾನಾಗಿ ಬೀಳುವ ಮೊದಲು ನಾವೇ ಕೆಡವುವುದು. ಮರದ ಎದುರಿಗೆ ಗಾಡಿ ಓಡಾಡುವ ದಾರಿ. ಅಲ್ಲಿ ಬಿದ್ದರೆ ಯಾರಿಗೂ ನಷ್ಟವಿಲ್ಲ. ಬಲಕ್ಕೆ ಚಪ್ಪರ. ಎಡಕ್ಕೆ, ಮಾವ ಕೈಯಾರೆ ಕಸಿ ಕಟ್ಟಿ ಬೆಳೆಸಿದ ಕಿತ್ತಳೆ ಸಾಲು. ಮಾವ ಆಗಲೇ ಕುರ್ಚಿ ತಂದು ಕಿತ್ತಳೆಯ ಪಕ್ಕ ಕೂತಿದ್ದರು.

"ನೋಡಮ್ಮ, ಜಮೀನು ನನ್ನದು. ನನ್ನ ಕಿತ್ತಳೆಗೆ ಏನಾದ್ರೂ ಆಯ್ತೋ, ನಾಳೆಯಿಂದ ಈ ಸಂತೆ ಬಂದ್. ಗೇಟಿಗೆ ಬೀಗ."

"ಆಗ್ಲಿ ಮಾವ."

ಸಸಿ ಹೋದರೆ ಜನ ತಾವಾಗಿ ಹೋಗುತ್ತಾರೆ. ಕಿತ್ತಳೆ ಹೋದರೆ ಮಾವ ಕಳಿಸುತ್ತಾರೆ. ಅವಳು ಇಷ್ಟು ವರ್ಷ ಕಟ್ಟಿದ್ದೆಲ್ಲ ಆ ಗಾಡಿ ದಾರಿಯ ಅಗಲದಲ್ಲಿ ನಿಂತಿತ್ತು.

ಮರದ ಮೇಲ್ತುದಿಗೆ ಎರಡು ಹಗ್ಗ ಕಟ್ಟಿದೆವು. ಒಂದು ದಾರಿಯ ಕಡೆಗೆ, ನಮ್ಮೆಲ್ಲರ ಕೈಗೆ. ಇನ್ನೊಂದು, ಮರ ಚಪ್ಪರದತ್ತ ಹೊರಳದಂತೆ ತಡೆಯಲು, ಎಡಕ್ಕೆ ಹೋಗಿ ಕಿತ್ತಳೆ ಸಾಲಿನಾಚೆಯ ಹಲಸಿನ ಬುಡ ಸುತ್ತಿ ಪಕ್ಕಕ್ಕೆ ತಿರುಗಿ ಟೈಲರ್ ಕೈಗೆ.

"ಅಧ್ಯಕ್ಷರು ಬಾಲ ಹಿಡಿಯೋದಾ?" ಟೈಲರ್ ಮುಖ ಸಣ್ಣದಾಯಿತು.

"ಜವಾಬ್ದಾರಿ ಕೆಲಸ ಅಣ್ಣ, ಅದಕ್ಕೇ ನಿಮಗೆ. ಸೀಟಿ ಮಾತ್ರ ಇಲ್ಲಿ ಕೊಡಿ. ಇವತ್ತು ಒಂದೇ ಬಾಯಿ ಮಾತಾಡಬೇಕು."

ನೆರಳಕ್ಕ, ಲಾರಿಯ ಜೊತೆ ಊರೂರು ಸುತ್ತುವ ಗಂಡನ ಹಳೇ ಅಂಗಿ ತೊಟ್ಟಿದ್ದಳು. ಸೀಟಿ ಅದರ ಜೇಬು ಸೇರಿತು.

ಬಾಡಿಗೆಗೆ ಕರೆಸಿದ್ದ ಯಂತ್ರದ ಗರಗಸದವನು ದಾರಿಯ ಕಡೆಗೆ ಮೊದಲ ಕಚ್ಚು ಹಾಕಿ, ಹಿಂದಿನಿಂದ ಕೊಯ್ಯತೊಡಗಿದ. ಬೆಳ್ಳಗೆ ಬರುತ್ತಿದ್ದ ಹುಡಿ ಇದ್ದಕ್ಕಿದ್ದಂತೆ ಕಂದಾಯಿತು. ಅವನು ಯಂತ್ರ ನಿಲ್ಲಿಸಿದ.

"ಅಕ್ಕ, ಒಳಗೆ ಏನೂ ಇಲ್ಲ. ಪೂರಾ ಪೊಳ್ಳು."

ಮರ ಟಿಕ್ಕೆಂದಿತು. ಸಂಜೆಗೆ ಬರಬೇಕಿದ್ದ ಗಾಳಿ ರೇಡಿಯೊ ಕೇಳಿರಲಿಲ್ಲವೇನೋ, ಆಗಲೇ ಬಂತು. ಮರದ ತುದಿ ಚಪ್ಪರದತ್ತ ಹೊರಳಿತು. ಟೈಲರ್ ಹಿಡಿದ ಹಗ್ಗ ತಂತಿಯಂತೆ ಬಿಗಿದು, ಅವರು ಮೊಣಕಾಲೂರಿ ಜಾರುತ್ತ ಹಲಸಿನ ಬುಡಕ್ಕೆ ಬಂದು ಅಂಟಿಕೊಂಡರು.

"ದಾರಿಗೆ ಎಳೀರಿ!" ನಮ್ಮಲ್ಲೊಬ್ಬ ಕೂಗಿದ.

"ಬೇಡ, ಓಡ್ರೋ!" ಇನ್ನೊಬ್ಬ.

ಸೀಟಿ ಚೀರಿತು. ನೆರಳಕ್ಕ ಮರದ ತುದಿ ನೋಡಿದಳು, ದಾರಿ ನೋಡಿದಳು. ಕಿತ್ತಳೆಯ ಕಡೆ ನೋಡಲಿಲ್ಲ.

"ಪೊಳ್ಳು ಬುಡ, ದಾರಿಗೆ ತಿರುಗಲ್ಲ! ಆ ಹಗ್ಗ ಬಿಡಿ! ಎಲ್ರೂ ಟೈಲರ್ ಅಣ್ಣನ ಹಗ್ಗಕ್ಕೆ! ಎಡಕ್ಕೆ ಎಳೀಬೇಕು! ಮಾವ, ಎದ್ದು ಈಚೆ ಬನ್ನಿ!"

ನಾವು ಮರದ ಹಿಂದಿನಿಂದ ಸುತ್ತಿ ಓಡಿ ಹಗ್ಗ ಹಿಡಿದೆವು. ಮಾವ ಎದ್ದರು, ಆದರೆ ಬರಲಿಲ್ಲ. ಎಡಕ್ಕೆ ಎಂದರೆ ಏನೆಂದು ಅವರಿಗೆ ಅರ್ಥವಾಗಿತ್ತು. ತಾನು ಅಲ್ಲಿ ನಿಂತಿರುವವರೆಗೆ ಎಳೆಯುವಂತಿಲ್ಲ ಎಂಬುದೂ ಅರ್ಥವಾಗಿತ್ತು. ಅವರು ಸೊಸೆಯನ್ನೇ ನೋಡಿದರು.

"ಮಾವ!"

ಮತ್ತೆ ಟಿಕ್. ಟೈಲರ್ ಹಲಸಿಗೆ ಕೆನ್ನೆ ಒತ್ತಿಕೊಂಡು, "ಬೇಗ ತೀರ್ಮಾನ ಮಾಡ್ರಪ್ಪ, ಕೈ ಹೋಗ್ತಿದೆ!" ಎಂದರು. ಚರ್ಚೆ ಮೊಟಕುಗೊಳಿಸಿರೆಂದು ಅಧ್ಯಕ್ಷರು ಕೇಳಿದ್ದು ಸಂಘದ ಇತಿಹಾಸದಲ್ಲಿ ಅದೇ ಮೊದಲು.

ಮಾವ ಕುರ್ಚಿಯನ್ನು ಒದ್ದು ದಾಪುಗಾಲು ಹಾಕಿ ಬಂದರು. ಬಂದವರೇ ಟೈಲರ್ ಮುಂದೆ ಹಗ್ಗಕ್ಕೆ ಕೈ ಹಾಕಿದರು.

"ಏನು ನೋಡ್ತಾ ನಿಂತ್ರಿ? ಎಳೀರಿ!"

ಒಂದೇ ಬಾಯಿ ಎಂಬ ನಿಯಮ ಮುರಿದದ್ದಕ್ಕೆ ಯಾರೂ ಆಕ್ಷೇಪಿಸಲಿಲ್ಲ. ಗರಗಸದವನು ಕೊನೆಯ ಕೊಯ್ತ ಕೊಟ್ಟು ಹಿಂದಕ್ಕೆ ಹಾರಿದ. ಮರ ಗಾಳಿಯಲ್ಲಿ ಅರೆಗಳಿಗೆ ಯೋಚಿಸಿತು. ಆಮೇಲೆ ನಿಧಾನವಾಗಿ ನಮ್ಮ ಕಡೆ ತಿರುಗಿ, ಧೂಳೆಬ್ಬಿಸಿ ಬಿತ್ತು.

"ಎಲ್ಲಿ ಬಿತ್ತು?" ಟೈಲರ್ ಇನ್ನೂ ಕಣ್ಣು ಮುಚ್ಚಿಕೊಂಡಿದ್ದರು.

"ಹಗ್ಗ ಬಿಡಣ್ಣ, ಸಸಿ ಉಳೀತು."

"ಬೆರಳು ಬಿಡ್ತಿಲ್ಲ ಕಣೋ."

ಒಂದೊಂದೇ ಬೆರಳು ಬಿಡಿಸಿದೆವು. ಅಂಗೈ ಸುಲಿದಿತ್ತು. ಅದರ ಬಗ್ಗೆ ಅವರು ಭಾಷಣ ಮಾಡಲಿಲ್ಲ. ಮಾಡಿದ್ದರೆ ಆ ದಿನ ಕೇಳುತ್ತಿದ್ದೆವು.

ಅರ್ಧ ಕಿತ್ತಳೆ ಸಾಲು ಓಕ್ ಮರದಡಿ ಸೇರಿತ್ತು. ಮಾವ ಅತ್ತ ನಡೆದರು. ಹಿಂದೆಯೇ ನೆರಳಕ್ಕ. ನಾವ್ಯಾರೂ ಜೊತೆಗೆ ಹೋಗುವ ಧೈರ್ಯ ಮಾಡಲಿಲ್ಲ.

"ಬೀಗ ತರ್ಲಾ ಮಾವ?"

ಮಾವ ಬಗ್ಗಿ, ಸಿಗಿದ ಒಂದು ಕೊಂಬೆ ಎತ್ತಿ ನೋಡಿದರು.

"ಬೀಗ ಹಾಕಿದ್ರೆ ಈ ಮರ ಎತ್ತೋರು ಯಾರು? ನಿನ್ನ ಗಂಡನಾ? ಮೊದಲು ಇವರೆಲ್ಲ ಸೇರಿ ಎತ್ತಲಿ." ನಗಲಿಲ್ಲ. "ಕೈಗರಗಸ ತಾ. ಸಿಗಿದಿದ್ದನ್ನ ಹಾಗೇ ಬಿಟ್ರೆ ಬುಡಕ್ಕೆ ನೀರಿಳಿಯುತ್ತೆ."

ಅವಳು ತಂದಳು. ಮಾವ ಕೊಂಬೆ ಹಿಡಿದರು, ಸೊಸೆ ಕೊಯ್ದಳು. ಅವಸರವಸರವಾಗಿ ಗರಗಸ ಆಡಿಸಿದಳು.

"ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗೆ. ನಿಧಾನ ಕಣಮ್ಮ. ಈಗೇನೂ ಬೀಳಲ್ಲ."